ಅಂಗಡಿ ಮುಂಗಟ್ಟಿನ ಮನೆಯೂ ಹಂಪೆಯ ತೇರುಬೀದಿಯೂ

ಹಂಪೆಯ ವಾಸ್ತುಶಿಲ್ಪವನ್ನು ಕುರಿತ ವಿಮರ್ಶೆಯಲ್ಲಿ ದೇವಾಲಯಗಳಿಗೂ ಅರಮನೆಯ ಅವಶೇಷಗಳಿಗೂ ದೊರೆತಷ್ಟು ಗಮನವು ವರ್ತಕರ ಮನೆಗಳಿಗೆ ದೊರೆತಿಲ್ಲ. ಬಾಳಿಕೆಯ ಕಲ್ಲನ್ನೇ ಪ್ರಮಾಣವೆಂದೆಣಿಸಿ, ಮಣ್ಣು ಮರಗಳ ಕಟ್ಟಡವನ್ನು ಬಿಟ್ಟುದೇ ಇದಕ್ಕೆ ಮುಖ್ಯ ಕಾರಣವು.

ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ನಾಗಲಾಪುರದ ಮನೆಗಳನ್ನು ವರ್ಣಿಸಿದ್ದಾನೆ. ವಿದ್ವಾಂಸರು ಈ ನಾಗಲಾಪುರವನ್ನು ಇಂದಿನ ಹೊಸಪೇಟೆಯೆಂದು ಗುರುತಿಸಿರುವರು. ಮನೆಗಳು ಒಂದೇ ಅಂತಸ್ತಿನವು, ಚಪ್ಪಟೆ ಮಾಳಿಗೆಯುಳ್ಳವು, ಕಂಬಗಳಿಂದ ತೆರೆದವು, ಒಳಗೂ ಹೊರಗೂ ಪಡಸಾಲೆಗಳುಳ್ಳವು ಎಂಬುದು ಅವನ ಮಾತಿನ ಸಾರ. ಬಳ್ಳಾರಿ ಸೀಮೆಯ ಮಾಳಿಗೆಮನೆಯನ್ನು ಬಲ್ಲವರಿಗೆ ಈ ವರ್ಣನೆಯು ಹೊಸದೆನಿಸದು. ತೊಲೆ, ಜಂತಿಗಳ ಮೇಲೆ ದಪ್ಪನಾಗಿ ಮಣ್ಣು ಹಾಸಿದ ಮಾಳಿಗೆಯು ಬಿಸಿಲನ್ನು ತಡೆಯುವುದು. ಬೀದಿಗಿಂತ ಎತ್ತರವಾದ ಜಗಲಿಯೇ ಅಂಗಡಿಯಾಗುವುದು. ಅದರ ಹಿಂದಣ ಪಡಸಾಲೆಯು ಲೆಕ್ಕಕ್ಕೂ ಅತಿಥಿಗಳಿಗೂ ಒದಗುವುದು. ಒಳಮನೆಯು ಸಂಸಾರಕ್ಕೆ ಮೀಸಲು. ಇಲ್ಲಿ ಅಂಗಡಿಯು ಮನೆಗೆ ಅಂಟಿಸಿದ ಭಾಗವಲ್ಲ, ಮನೆಯ ಮುಖವೇ ಆಗಿದೆ.

ವಿರೂಪಾಕ್ಷ ದೇವಾಲಯದ ಮುಂದಣ ತೇರುಬೀದಿಯ ಸಾಲುಮಂಟಪಗಳನ್ನು ಈ ದೃಷ್ಟಿಯಿಂದ ನೋಡಬೇಕು. ದೇವಾಲಯದ ಬಳಿಯ ಬೀದಿಯ ಮನೆಗಳಲ್ಲಿ ಯಾತ್ರಿಕರು ತಂಗುತ್ತಿದ್ದುದನ್ನು ಪಾಯೆಸನೇ ಹೇಳಿದ್ದಾನೆ. ಈಚಿನ ನಿವಾಸಿಗಳು ಕಂಬಗಳ ನಡುವೆ ಗೋಡೆಯೆತ್ತಿ ಮುಂದೆ ಅಂಗಡಿಯನ್ನೂ ಹಿಂದೆ ವಾಸವನ್ನೂ ಮಾಡಿಕೊಂಡರು. ೨೦೧೧ರ ಜುಲೈ ತಿಂಗಳಲ್ಲಿ ಇವುಗಳನ್ನು ಒತ್ತುವರಿಯೆಂದು ತೆರವುಗೊಳಿಸಲಾಯಿತು. ಅನೇಕ ಕುಟುಂಬಗಳು ನೆಲೆ ತಪ್ಪಿದವು.

ತೆರವಿನ ಪರವಾದ ವಾದವು ನಿರಾಧಾರವಲ್ಲ. ಹೊಸ ಗೋಡೆಗಳು ಕಂಬಗಳನ್ನು ಮರೆಮಾಡಿದ್ದವು. ಕೆಲವೆಡೆ ಮಂಟಪಗಳ ಮೇಲೆಯೇ ಕಟ್ಟಡಗಳು ಎದ್ದಿದ್ದವು. ಆದರೆ ಮೂಲರೂಪವನ್ನು ಮರಳಿಸಲಾಯಿತೆಂಬ ಮಾತು ವಿಚಾರಕ್ಕೆ ನಿಲ್ಲದು. ಜನಶೂನ್ಯವಾದ ಪೇಟೆಯು ಆ ಬೀದಿಯ ಮೂಲರೂಪವಾಗಿರಲಿಲ್ಲ. ಕಂಬವನ್ನು ಉಳಿಸಿ ಅದರ ಉಪಯೋಗವನ್ನು ಅಳಿಸಿದಲ್ಲಿ ಉಳಿಯುವುದು ವಾಸ್ತುವಿನ ಅರ್ಧವೇ ಸರಿ. ದೋಷವಿದ್ದ ಕಟ್ಟಡವನ್ನು ತಿದ್ದುವುದು ಬೇರೆ, ವಾಸದ ಕ್ರಮವನ್ನೇ ಕಿತ್ತೊಗೆಯುವುದು ಬೇರೆ.

ತೇರುಬೀದಿಯಲ್ಲಿ ಕಳೆದುಹೋದುದನ್ನು ಮರಳಿ ಪಡೆಯಲಾಗದು. ಆದರೆ ಹೊಸಪೇಟೆಯ ಹಳೆಯ ಬೀದಿಗಳಲ್ಲಿಯೂ, ಬಳ್ಳಾರಿಯ ದಾರಿಯಲ್ಲಿರುವ ಪಾಪಿನಾಯಕನಹಳ್ಳಿ ಮೊದಲಾದ ಊರುಗಳಲ್ಲಿಯೂ ಉಳಿದಿರಬಹುದಾದ ಮಾಳಿಗೆಮನೆಗಳನ್ನು ಹುಡುಕಿ, ಅಳೆದು, ನಕ್ಷೆ ಬರೆದು, ಮನೆಯವರಿಂದಲೇ ಪ್ರತಿಯೊಂದು ಭಾಗದ ಹೆಸರನ್ನೂ ಉಪಯೋಗವನ್ನೂ ಕೇಳಿ ದಾಖಲಿಸುವುದು ಈಗಲೂ ಸಾಧ್ಯ. ಶಾಸನಗಳ ಸಂಗ್ರಹಕ್ಕೆ ತೋರಿದ ಶ್ರದ್ಧೆಯನ್ನು ಈ ಮನೆಗಳಿಗೂ ತೋರದಿದ್ದರೆ, ನಾಡಿನ ವಾಸ್ತುಚರಿತ್ರೆಯು ದೇವರ ಮನೆಗಳ ಚರಿತ್ರೆಯಾಗಿ ಉಳಿಯುವುದಲ್ಲದೆ ಜನರ ಮನೆಗಳ ಚರಿತ್ರೆಯಾಗದು.