ಚಾಕಿ ಮನೆಯ ಸೆನ್ಸರಿಗೆ ನಾಲ್ಕು ಸಾಲು

ರೇಷ್ಮೆಹುಳು ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಕಳಚುವ ಹಂತ, ದಾಟುವವರೆಗೆ ಎಳೆ ಹುಳು ಸಾಕುವ ಚಾಕಿ ಮನೆಯಲ್ಲಿ 27–28 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 85–90ರಷ್ಟು ತೇವಾಂಶ ಇರಬೇಕು. ಹುಳುವಿಗೆ ಹಿತವಾದ ಆ ತೇವವೇ ಉಷ್ಣತೆ ಅಳೆಯುವ ಸೆನ್ಸರಿಗೆ ಕಂಟಕ. ಅಲ್ಲಿ ಸೆನ್ಸರ್ ಕೂರಿಸುವವರಿಗೆ ನಾನು ಬರೆದುಕೊಡುವ ಸಾಲುಗಳೂ ಅವುಗಳ ವಿವರಣೆಯೂ ಇಲ್ಲಿವೆ.

“ನೀರನ್ನು ತಡೆಯಿರಿ, ಶಾಖವನ್ನು ತಡೆಯಬೇಡಿ.”

ಉಷ್ಣತೆಯ ಸೆನ್ಸರಿಗೆ ಗಾಳಿ ಸೋಕಲೇಬೇಕೆಂದಿಲ್ಲ, ಶಾಖ ತಲುಪಿದರೆ ಸಾಕು. ಹಾಗಾಗಿ ಅದನ್ನು ಪೂರ್ತಿ ಮುಚ್ಚಬಹುದು. ತೇವಾಂಶವನ್ನೂ ಅಳೆಯುವ ಡಿಎಚ್‌ಟಿ22ರಂಥದ್ದನ್ನು ಹೀಗೆ ಮುಚ್ಚುವಂತಿಲ್ಲ. ಮುಚ್ಚಿದರೆ ತೇವಾಂಶದ ಲೆಕ್ಕವೇ ನಿಂತುಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ಸೆನ್ಸರ್ ಇಡುವುದೇ ಸರಿ.

“ತೇವ ಕೊಲ್ಲುವ ಮೊದಲು ಸುಳ್ಳು ಹೇಳಿಸುತ್ತದೆ.”

ಈ ಸಾಲೇ ಮುಖ್ಯ. ಕೆಟ್ಟು ನಿಂತ ಸೆನ್ಸರ್ ಕಣ್ಣಿಗೆ ಬೀಳುತ್ತದೆ, ತಪ್ಪು ಹೇಳುವುದು ಬೀಳುವುದಿಲ್ಲ. ಸಾಮಾನ್ಯವಾಗಿ ಬಳಸುವ ಎನ್‌ಟಿಸಿ ಥರ್ಮಿಸ್ಟರಿನಲ್ಲಿ ಬಿಸಿ ಏರಿದಂತೆ ರೋಧ ಇಳಿಯುತ್ತದೆ. ಅದರ ಎರಡು ಕಾಲುಗಳ ನಡುವೆ ತೇವದ ಪೊರೆ ಕಟ್ಟಿ 10 ಲಕ್ಷ ಓಮ್‌ನ ಕಳ್ಳದಾರಿ ಮೂಡಿತೆನ್ನಿ. 10 ಸಾವಿರ ಓಮ್‌ನ ಥರ್ಮಿಸ್ಟರ್ ಸುಮಾರು ಕಾಲು ಡಿಗ್ರಿಯಷ್ಟೇ ಹೆಚ್ಚು ತೋರಿಸುತ್ತದೆ. 1 ಲಕ್ಷ ಓಮ್‌ನದು ಎರಡು ಡಿಗ್ರಿ ಹೆಚ್ಚು ತೋರಿಸುತ್ತದೆ! ಹೀಟರ್ ಬೇಗ ಆರುತ್ತದೆ, ಮನೆ ತಣ್ಣಗಾಗುತ್ತದೆ, ಹುಳುವಿನ ಬೆಳವಣಿಗೆ ಕುಂಠಿತವಾಗುತ್ತದೆ. ತೇವದ ಜಾಗಕ್ಕೆ ಕಡಿಮೆ ರೋಧದ್ದನ್ನೇ ಆರಿಸಿ. ಇನ್ನು ಸೆನ್ಸರಿನ ಮೈಮೇಲೆ ನೀರಿನ ಹನಿ ಕೂತರೆ ತಪ್ಪು ತಿರುಗುಮುರುಗಾಗುತ್ತದೆ. ಹನಿ ಆರುತ್ತಾ ಶಾಖ ಹೀರುವುದರಿಂದ, 27 ಡಿಗ್ರಿ ಮತ್ತು ಶೇಕಡಾ 85ರ ತೇವದಲ್ಲೂ ಓದು 25ರವರೆಗೆ ಇಳಿಯಬಹುದು. ಇದಕ್ಕೆ ಯಾವ ಲೇಪವೂ ಮದ್ದಲ್ಲ. ತುಂತುರು ಬೀಳದ ಕಡೆ, ಗಾಳಿಯಾಡುವ ಮರೆಯಲ್ಲಿ ತೂಗುಹಾಕಬೇಕು.

“ತಲೆಯಷ್ಟೇ ಅಲ್ಲ, ವೈರಿನ ತುದಿಯನ್ನೂ ಮುಚ್ಚಿ.”

ಸ್ಟೀಲ್ ಕೊಳವೆಯೊಳಗಿನ ಸೆನ್ಸರಿಗೂ ನೀರು ನುಗ್ಗುವುದು ಹೆಚ್ಚಾಗಿ ಹಿಂದಿನಿಂದ, ವೈರಿನ ಎಳೆಗಳ ಸಂದಿನಲ್ಲಿ. ಬೆಸುಗೆಯ ಮೇಲೆ ಅಂಟು ಇರುವ ಹೀಟ್‌ಶ್ರಿಂಕ್ ಹಾಕಿ, ವೈರನ್ನು ಒಮ್ಮೆ ಕೆಳಗೆ ಬಾಗಿಸಿ ಮೇಲೆ ಒಯ್ಯಿರಿ. ಹನಿ ಆ ಬಾಗಿನಲ್ಲೇ ಉದುರುತ್ತದೆ. ಲೇಪಕ್ಕೆ ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನು ಕೇಳಿ ತನ್ನಿ.

“ಮುಚ್ಚುವ ಮುಂಚೆ, ಮುಚ್ಚಿದ ಮೇಲೆ, ಐಸಿನಲ್ಲಿ ಅದ್ದಿ.”

ಪುಡಿಮಾಡಿದ ಐಸಿಗೆ ಸ್ವಲ್ಪ ಶುದ್ಧ ನೀರು ಬೆರೆಸಿ ಕಲಕುತ್ತಿದ್ದರೆ ಉಷ್ಣತೆ 0 ಡಿಗ್ರಿಯಲ್ಲಿ ನಿಲ್ಲುತ್ತದೆ. ಲೇಪ ಹಾಕುವ ಮುಂಚೆ ಬರಿ ತುದಿಯನ್ನು ತೆಳುವಾದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದ್ದಿ. ಎರಡೂ ಸಲದ ಓದು ಒಂದೇ ಆದರೆ ಲೇಪದಿಂದ ನಿಖರತೆ ಕೆಟ್ಟಿಲ್ಲ. ಓದು ನೆಲೆಗೊಳ್ಳಲು ಅರ್ಧ ನಿಮಿಷ ಹೆಚ್ಚು ಹಿಡಿಯಬಹುದು, ಉಷ್ಣತೆ ನಿಧಾನವಾಗಿ ಬದಲಾಗುವ ಚಾಕಿ ಮನೆಯಲ್ಲಿ ಅದು ದೋಷವಲ್ಲ. ಪ್ರತಿ ಬೆಳೆಯ ನಂತರ ಸಿಂಪಡಿಸುವ ಬ್ಲೀಚಿಂಗ್ ಪುಡಿಯ ದ್ರಾವಣ ಲೋಹವನ್ನು ಕೊರೆಯುತ್ತದೆ. ಸೋಂಕುನಿವಾರಣೆ ಮುಗಿದ ಕೂಡಲೇ ಸೆನ್ಸರನ್ನು ಒರೆಸಿ, ಹೊಸ ಚಾಕಿ ಇಡುವ ಮುಂಚೆ ಮತ್ತೊಮ್ಮೆ ಐಸಿನಲ್ಲಿ ಅದ್ದಿ ನೋಡಿ.