ಹಿನ್ನೆಲೆ ಸೇವೆಗಳು: ನಿಲ್ಲಿಸುವ ಮುನ್ನ

ಗಣಕ ನಿಧಾನವಾದರೆ ವಿಂಡೋಸ್‌ನ ಹಿನ್ನೆಲೆ ಸೇವೆಗಳನ್ನೆಲ್ಲ ನಿಲ್ಲಿಸಿಬಿಡಿ ಎಂಬ ಸಲಹೆ ಬಹಳ ಹಳೆಯದು. ಇದು ಅರ್ಧ ಸತ್ಯ ಮಾತ್ರ. ಕೆಲಸವಿಲ್ಲದೆ ಕಾಯುತ್ತಿರುವ ಸೇವೆ ಸ್ವಲ್ಪ ಸ್ಮೃತಿಯನ್ನು ಬಳಸುತ್ತದೆಯೇ ಹೊರತು ಸಂಸ್ಕಾರಕದ ಸಮಯವನ್ನು ಹೆಚ್ಚೇನೂ ಕಬಳಿಸುವುದಿಲ್ಲ.

ಸೇವೆಯನ್ನು ನಿಲ್ಲಿಸಲು ವೇಗಕ್ಕಿಂತ ಬಲವಾದ ಕಾರಣ ಸುರಕ್ಷತೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ಮೆಸೆಂಜರ್' ಸೇವೆ ತಾನಾಗಿಯೇ ಚಾಲನೆಗೊಳ್ಳುತ್ತಿತ್ತು. ಕಚೇರಿಯ ಜಾಲದಲ್ಲಿ ಸೂಚನೆ ಕಳುಹಿಸಲೆಂದು ಇದ್ದ ಈ ಸೌಲಭ್ಯದ ಮೂಲಕ ಅಂತರಜಾಲದ ಜಾಹೀರಾತುದಾರರು ಮನೆಯ ಗಣಕಗಳ ಪರದೆಗೂ ನುಗ್ಗಿದರು. 2004ರ ಸರ್ವಿಸ್ ಪ್ಯಾಕ್ 2 ಅದು ತಾನಾಗಿ ಚಾಲನೆಗೊಳ್ಳದಂತೆ ಮಾಡಿತು. ಆದರೆ 2003ರ ಬ್ಲಾಸ್ಟರ್ ಹುಳು ಒಳಬಂದದ್ದು ಆರ್‌ಪಿಸಿ ಸೇವೆಯ ದೋಷದಿಂದ. ಇತರ ಅನೇಕ ಸೇವೆಗಳು ಅದನ್ನೇ ಅವಲಂಬಿಸಿರುವುದರಿಂದ ಅದನ್ನು ನಿಲ್ಲಿಸುವಂತಿಲ್ಲ; ತೇಪೆ ಮತ್ತು ಫೈರ್‌ವಾಲ್‌ಗಳೇ ಪರಿಹಾರ.

ತಪ್ಪು ಮೈಕ್ರೋಸಾಫ್ಟ್‌ನದೂ ಹೌದು. ಹಲವು ಸೇವೆಗಳು 'ಎಸ್‌ವಿಸಿಹೋಸ್ಟ್' ಎಂಬ ಒಂದೇ ಹೆಸರಿನಡಿ ಅಡಗಿರುತ್ತಿದ್ದುದರಿಂದ ಭಾರ ಯಾವುದರದೆಂದು ತಿಳಿಯುವುದೇ ಕಷ್ಟವಾಗಿತ್ತು. 2017ರ ವಿಂಡೋಸ್ 10 ಆವೃತ್ತಿಯಿಂದ, 3.5 ಗಿಗಾಬೈಟ್‌ಗಿಂತ ಹೆಚ್ಚು ಸ್ಮೃತಿಯುಳ್ಳ ಗಣಕಗಳಲ್ಲಿ, ಅವುಗಳಲ್ಲಿ ಹೆಚ್ಚಿನವು ಬೇರೆಬೇರೆಯಾದವು. ಸೇವೆಗಳ ವಿವರಣೆಗಳು ಮಾತ್ರ ಇಂದಿಗೂ ಬಹುಮಟ್ಟಿಗೆ ತಜ್ಞರಿಗಷ್ಟೇ ಅರ್ಥವಾಗುವಂತಿವೆ.

ಶಾಲಾ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದಾದರೆ, ಮೊದಲು 'ಡಿಪೆಂಡೆನ್ಸೀಸ್' ಪುಟ ನೋಡಿ. ಹಳೆಯ ಸ್ಥಿತಿಯನ್ನು ಬರೆದಿಟ್ಟುಕೊಳ್ಳಿ. ಒಮ್ಮೆಗೆ ಒಂದೇ ಸೇವೆಯನ್ನು, 'ಡಿಸೇಬಲ್ಡ್' ಮಾಡುವ ಬದಲು 'ಮ್ಯಾನ್ಯುಅಲ್' ಸ್ಥಿತಿಗೆ ತನ್ನಿ. ಒಮ್ಮೆಗೆ ಒಂದೇ ಚರವನ್ನು ಬದಲಿಸಬೇಕೆಂಬುದು ಪ್ರಯೋಗದ ಮೊದಲ ಪಾಠವಲ್ಲವೇ?