‘ಘೋರ್ಪಡೆ’ ಎಂಬ ಅಡ್ಡಹೆಸರು: ಒಂದು ಐತಿಹ್ಯದ ಪರಾಮರ್ಶೆ

ಮುಧೋಳ, ಸಂಡೂರು, ಗುತ್ತಿಗಳನ್ನಾಳಿದ ಘೋರ್ಪಡೆ ಮನೆತನಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಒಂದೇ ಕಥೆಯಿಂದ ತೊಡಗುತ್ತಾರೆ. 1471ರ ಸುಮಾರಿಗೆ ಬಹಮನಿ ಮಂತ್ರಿ ಮಹಮೂದ ಗವಾನನ ದಂಡು ಖೇಳಣಾ ದುರ್ಗವನ್ನು, ಎಂದರೆ ಇಂದಿನ ವಿಶಾಳಗಡವನ್ನು, ಮುತ್ತಿತ್ತು. ಆಗ ಕರ್ಣಸಿಂಹ, ಭೀಮಸಿಂಹರೆಂಬ ತಂದೆಮಕ್ಕಳು ಉಡದ ನಡುವಿಗೆ ಹಗ್ಗ ಬಿಗಿದು ಗೋಡೆಯನ್ನೇರಿದರಂತೆ. ತಂದೆ ಮಡಿಯಲು ಮಗನಿಗೆ ‘ರಾಜಾ ಘೋರ್ಪಡೆ ಬಹಾದ್ದೂರ’ ಎಂಬ ಬಿರುದು ಸಂದಿತಂತೆ. ಮರಾಠಿಯಲ್ಲಿ ‘ಘೋರಪಡ’ ಎಂದರೆ ಉಡ. ಮುಂಬಯಿಯ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಧೋಳದ ಫರ್ಮಾನುಗಳನ್ನು ಈ ಕಥೆಗೆ ಆಧಾರವಾಗಿ ತೋರಿಸುವುದುಂಟು. ಆದರೆ ಅವುಗಳ ಪ್ರಾಮಾಣ್ಯವನ್ನೇ ಹಲವು ಇತಿಹಾಸಕಾರರು ಒಪ್ಪಿಲ್ಲ. ಅದಕ್ಕಿಂತ ಬಲವಾದ ಆಕ್ಷೇಪವೊಂದಿದೆ. 1670ರಲ್ಲಿ ತಾನಾಜಿ ಮಾಲುಸರೆ ಸಿಂಹಗಡವನ್ನು ಗೆದ್ದ ಪ್ರಸಂಗಕ್ಕೂ ಇದೇ ಕಥೆ ಅಂಟಿಕೊಂಡಿದೆ. ಅಲ್ಲಿ ಉಡಕ್ಕೆ ‘ಯಶವಂತಿ’ ಎಂಬ ಹೆಸರೂ ಉಂಟು. ಮಾಲುಸರೆಯವರಿಗಾದರೋ ಉಡದ ಅಡ್ಡಹೆಸರು ಬರಲಿಲ್ಲ. ಹೆಸರಿನ ಹಂಗಿಲ್ಲದೆಯೇ ಕಥೆ ಕೋಟೆಯಿಂದ ಕೋಟೆಗೆ ಸಂಚರಿಸಿದೆಯೆಂದ ಮೇಲೆ, ಕಥೆಯಿಂದ ಹೆಸರು ಹುಟ್ಟಿತೆಂಬ ವಾದ ನಿಲ್ಲುವುದು ಕಷ್ಟ. ಬೋರೀವಲಿಯ ಕಾಡಿನಲ್ಲಿ ಉಡವನ್ನು ಕಂಡವರಿಗೆ, ಅದು ಆಳಿನ ಭಾರವನ್ನು ಹೊತ್ತು ಗೋಡೆಯ ಮೇಲೆ ಕಾದು ನಿಂತೀತೆಂದು ನಂಬುವುದೂ ಕಷ್ಟವೇ.

ಹಾಗಾದರೆ ಹೆಸರು ಬಂದುದೆಂತು? ಇಲ್ಲಿ ರಷ್ಯದ ‘ಲೆಬೆದೆವ್’ ಎಂಬ ಹೆಸರನ್ನು ನೋಡಬಹುದು. ‘ಲೆಬೆದ್’ ಎಂದರೆ ಹಂಸ. 1785ರಲ್ಲಿ ಮದರಾಸಿಗೆ ಬಂದು, 1795ರಲ್ಲಿ ಕಲಕತ್ತೆಯಲ್ಲಿ ಬಂಗಾಳಿ ನಾಟಕವನ್ನಾಡಿಸಿದ ಗೆರಾಸಿಮ್ ಲೆಬೆದೆವ್ ಈ ಹೆಸರಿನವನು. ಬೆಳಕಿನ ಒತ್ತಡವನ್ನು ಅಳೆದ ವಿಜ್ಞಾನಿ ಪ್ಯೋತ್ರ್ ಲೆಬೆದೆವ್ ಕೂಡ. ಯಾವನೋ ಪೂರ್ವಿಕನನ್ನು ಊರವರು ‘ಹಂಸ’ವೆಂದು ಕರೆದರು, ಅವನ ಸಂತತಿ ‘ಹಂಸನವರು’ ಆಯಿತು. ಅಷ್ಟೇ. ಹಂಸವು ಅವರ ವಂಶಕ್ಕೆ ಉಪಕಾರ ಮಾಡಿತೆಂಬ ಕಥೆ ಬೇಕಾಗಲಿಲ್ಲ. ನಮ್ಮಲ್ಲಿಯೂ ಹುಲಿ, ಕರಡಿ ಎಂಬ ಅಡ್ಡಹೆಸರುಗಳಿಗೆ ಯಾರೂ ಪುರಾಣ ಕೇಳುವುದಿಲ್ಲ. ಬಿಡದೆ ಹಿಡಿಯುವವನ ಪಟ್ಟಿಗೆ ‘ಉಡದ ಹಿಡಿತ’ ಎನ್ನುವ ಮಾತು ಕನ್ನಡದಲ್ಲಿಯೇ ಇದೆ. ಹಟಮಾರಿ ಯೋಧನೊಬ್ಬನಿಗೆ ಈ ಕರೆಹೆಸರು ಸಲ್ಲಲು ಇಷ್ಟು ಸಾಕು. ಹೆಸರು ಮೊದಲು, ಕಥೆ ಆಮೇಲೆ ಎಂದೇ ನನ್ನ ಮತ.

ಐತಿಹ್ಯವು ಚರಿತ್ರೆಯ ಸ್ಥಾನವನ್ನು ಆಕ್ರಮಿಸಿದುದರಿಂದ ಆದ ನಷ್ಟ ಸಣ್ಣದಲ್ಲ. ಖೇಳಣೆಯ ಉಡವನ್ನು ಬಲ್ಲವರು ಗುತ್ತಿಯ ಮುರಾರಿರಾಯ ಘೋರ್ಪಡೆಯನ್ನು ಅಷ್ಟಾಗಿ ಬಲ್ಲವರಲ್ಲ. ಅವನ ಮುತ್ತಿಗೆಯಾದರೋ ದಾಖಲೆಯುಳ್ಳದ್ದು. ಹೈದರನ ಸೈನ್ಯ ಕೆಳಗಿನ ಊರನ್ನು ಹಿಡಿದ ಮೇಲೂ ಅವನು ಬೆಟ್ಟದ ಮೇಲಿನ ಕೋಟೆಯನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಕಡೆಗೆ 1776ರಲ್ಲಿ ಕೊಳಗಳ ನೀರು ಬತ್ತಿದ್ದರಿಂದ ಶರಣಾಗಬೇಕಾಯಿತು. ಅವನನ್ನು ಶ್ರೀರಂಗಪಟ್ಟಣಕ್ಕೆ ಒಯ್ದು, ಬಳಿಕ ಕನಕಪುರದ ಬಳಿಯ ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟರು. ಅಲ್ಲಿಯೇ ಅವನು ತೀರಿಕೊಂಡನು.